ಕೂಸು ಎಚ್ಚರಾಗುವ ಮೊದಲು: ನವಜಾತ ಶಿಶುವಿನ ತಪಾಸಣೆ ಕಲಿತ ಪೋಸ್ಟಿಂಗ್

ನರ್ಸಿಂಗ್ ವಿದ್ಯಾರ್ಥಿಗಳಾದ ನಮ್ಮ ಲೇಬರ್ ವಾರ್ಡ್ ಮತ್ತು ಬಾಣಂತಿಯರ ವಾರ್ಡಿನ ಪೋಸ್ಟಿಂಗ್ ಮುಗಿದು, ಕೇಸ್ ಬುಕ್ಕಿಗೆ ಕೊನೆಯ ಸಹಿ ಬಿದ್ದು ನಾಲ್ಕು ದಿನವಾಯಿತು. ಸೋಮವಾರ ಮುಂದಿನ ಬ್ಯಾಚ್ ಹೋಗುತ್ತದೆ, ಇದು ಅವರಿಗಾಗಿ. ಹೆರಿಗೆ ಮಾಡಿಸುವುದನ್ನು ಹೇಳಿಕೊಡುವುದಕ್ಕೆ ಹತ್ತು ಜನ ಸಿಗುತ್ತಾರೆ. ಹುಟ್ಟಿದ ಕೂಸನ್ನು ತಲೆಯಿಂದ ಅಂಗಾಲಿನ ತನಕ ನೋಡುವುದನ್ನು ಮಾತ್ರ "ಅದರಲ್ಲೇನಿದೆ, ಬಟ್ಟೆ ಬಿಚ್ಚಿ ನೋಡಿದರಾಯ್ತು" ಅಂದುಬಿಡುತ್ತಾರೆ. ಪುಸ್ತಕದಲ್ಲಿ ತಲೆಯಿಂದ ಶುರುಮಾಡಿ ಕಾಲಿಗೆ ಮುಗಿಸುವ ಪಟ್ಟಿ ಇದೆ, ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗುತ್ತೇವೆ. ವಾರ್ಡಿನಲ್ಲಿ ಆ ಪಟ್ಟಿ ಮೊದಲ ಐದು ನಿಮಿಷದಲ್ಲೇ ಕೈಕೊಡುತ್ತದೆ. ತಲೆ ಮುಟ್ಟಿದ ತಕ್ಷಣ ಮಗು ಅಳುತ್ತದೆ, ಅತ್ತ ಮೇಲೆ ಎದೆಬಡಿತವೂ ಕೇಳುವುದಿಲ್ಲ, ಉಸಿರೂ ಎಣಿಸಲಾಗುವುದಿಲ್ಲ, ತೊಡೆಸಂದಿನ ನಾಡಿ ಸಿಗುವ ಮಾತೇ ಇಲ್ಲ.

ಹೋಗುವ ಮೊದಲೇ ಕೊಳ್ಳಬೇಕಾದದ್ದು ಸ್ವಲ್ಪ ಇದೆ. ಸೆಕೆಂಡ್ ಮುಳ್ಳಿರುವ, ಏಪ್ರನ್ನಿಗೆ ಸಿಕ್ಕಿಸುವ ಗಡಿಯಾರ ಬೇಕು, ಕೈಗಡಿಯಾರ ಕಟ್ಟಿಕೊಂಡು ಕೂಸನ್ನು ಮುಟ್ಟಲು ಬಿಡುವುದಿಲ್ಲ. ಬಿಳಿ ಬೆಳಕಿನ ಪೆನ್ ಟಾರ್ಚ್, ಎಳೆದರೆ ಹಿಗ್ಗದ ಅಳತೆ ಟೇಪ್, ಐದಾರು ಮರದ ನಾಲಿಗೆ ಪಟ್ಟಿ, ಡಿಜಿಟಲ್ ಥರ್ಮಾಮೀಟರ್. ಇಷ್ಟು ಮೆಡಿಕಲ್ ಸ್ಟೋರಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಕ್ಕಿತು. ದರ್ಜಿಯ ಟೇಪ್ ಬೇಡ, ಹಳತಾದಂತೆ ಅರ್ಧ ಸೆಂಟಿಮೀಟರ್ ಸುಳ್ಳು ಹೇಳುತ್ತದೆ. ಸ್ಟೆತಸ್ಕೋಪ್ ಸಣ್ಣ ತಲೆಯದ್ದು ಬೇಕು. ದೊಡ್ಡವರದ್ದನ್ನು ಇಟ್ಟರೆ ಕೂಸಿನ ಎದೆಯೆಲ್ಲ ಮುಚ್ಚಿಹೋಗಿ ಹೃದಯ, ಉಸಿರು, ಕರುಳಿನ ಸದ್ದು ಮೂರೂ ಒಟ್ಟಿಗೇ ಕೇಳುತ್ತವೆ. ಅದು ದುಬಾರಿ, ಬ್ಯಾಚಿನಲ್ಲಿ ನಾಲ್ಕು ಜನ ಸೇರಿ ಒಂದು ಕೊಂಡರೆ ಸಾಕು.

ಲೇಬರ್ ವಾರ್ಡಿನಲ್ಲಿ ತಪಾಸಣೆ ಮಗು ಹುಟ್ಟುವ ಮೊದಲೇ ಶುರುವಾಗುತ್ತದೆ. ಕೂಸನ್ನು ಬೆಚ್ಚಗಿಡುವ ವಾರ್ಮರ್ ಹಾಕಿ ಬಿಸಿಯಾಗಲು ಬಿಡಬೇಕು, ಒಣಗಿದ ಬೆಚ್ಚನೆಯ ಬಟ್ಟೆ ಎರಡು ಇರಬೇಕು, ಒತ್ತಿ ಉಸಿರು ಕೊಡುವ ಆಂಬು ಬ್ಯಾಗಿನ ಮಾಸ್ಕ್ 0 ಮತ್ತು 1 ಎರಡೂ ಅಳತೆಯದ್ದು ಟ್ರೇಯಲ್ಲಿರಬೇಕು. ಬ್ಯಾಗನ್ನು ಅಂಗೈಗೆ ಒತ್ತಿ ಗಾಳಿ ಸೋರುತ್ತದೆಯೋ ನೋಡಬೇಕು. ಕೋಣೆ 26ರಿಂದ 28 ಡಿಗ್ರಿ ಇರಬೇಕು. ದಿನವೂ ಜಗಳ ಆಗುವುದು ಇಲ್ಲಿಯೇ. ಬೇಸಿಗೆಯಲ್ಲಿ ಗೌನ್ ಹಾಕಿಕೊಂಡವರೆಲ್ಲ ಬೆವರುತ್ತಾರೆ, ಯಾರೋ ಒಬ್ಬರು ಫ್ಯಾನ್ ಹಾಕುತ್ತಾರೆ. ಒದ್ದೆ ಮೈಯ ಕೂಸಿಗೆ ಆ ಗಾಳಿ ಎರಡೇ ನಿಮಿಷ ಬಡಿದರೂ ಸಾಕು, ಮೈ ತಣ್ಣಗಾಗುತ್ತದೆ. ಸ್ವಿಚ್ ಹತ್ತಿರ ನಿಲ್ಲುವುದು ವಿದ್ಯಾರ್ಥಿನಿಯ ಕೆಲಸ ಅಂದುಕೊಳ್ಳಿ.

ಮಗು ಬಂದ ಕೂಡಲೇ ಗಡಿಯಾರ ನೋಡಿ ಸಮಯವನ್ನು ಗಟ್ಟಿಯಾಗಿ ಹೇಳಿ, ಆಗ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಒರೆಸುತ್ತಲೇ ನೋಡಬೇಕಾದದ್ದು ಒಂದೇ, ಉಸಿರಾಡುತ್ತಿದೆಯೋ, ಅಳುತ್ತಿದೆಯೋ. ಅಳುವ ಮಗುವಿನ ಬಾಯಿಗೆ ಸಕ್ಷನ್ ನಳಿಗೆ ಹಾಕಿ ಲೋಳೆ ಎಳೆಯುವುದು ಹಳೆಯ ಅಭ್ಯಾಸ, ಬೇಡ. ಒದ್ದೆ ಬಟ್ಟೆ ತೆಗೆದು ಅಮ್ಮನ ಹೊಟ್ಟೆಯ ಮೇಲೆ ಮಲಗಿಸಿ, ಒಣ ಬಟ್ಟೆ ಹೊದಿಸಿ, 1ರಿಂದ 3 ನಿಮಿಷ ಬಿಟ್ಟು ಹೊಕ್ಕುಳಬಳ್ಳಿಗೆ ಕ್ಲಾಂಪ್. ಒರೆಸಿ ಬೆನ್ನು ತೀಡಿದರೂ ಉಸಿರು ಬಾರದಿದ್ದರೆ ಬಳ್ಳಿ ಕತ್ತರಿಸಿ ವಾರ್ಮರಿಗೆ, ಮೊದಲ ನಿಮಿಷದೊಳಗೆ ಬ್ಯಾಗ್ ಮಾಸ್ಕ್. ಆಗ ಪರೀಕ್ಷೆಯ ಮಾತೇ ಬೇಡ, ವಿದ್ಯಾರ್ಥಿಗಳು ಪಕ್ಕಕ್ಕೆ ಸರಿದು ಸಮಯ ಬರೆಯುತ್ತಾ ನಿಂತರೆ ಅದೇ ದೊಡ್ಡ ಸಹಾಯ.

ಬಳ್ಳಿ ಕತ್ತರಿಸಿದಾಗ ಅದರ ತುದಿಯನ್ನು ಒಮ್ಮೆ ನೋಡಿಬಿಡಿ. ಎರಡು ಸಣ್ಣ, ದಪ್ಪ ಗೋಡೆಯ ಅಪಧಮನಿ, ಒಂದು ಅಗಲ ಬಾಯಿಯ ಅಭಿಧಮನಿ. ಮಾರನೇ ದಿನ ವಾರ್ಡಿನಲ್ಲಿ ಹುಡುಕಿದರೆ ಬಳ್ಳಿ ಒಣಗಿ ಕಪ್ಪಗಾಗಿರುತ್ತದೆ, ಏನೂ ತಿಳಿಯುವುದಿಲ್ಲ. ಆದರೂ ಎಷ್ಟೋ ಕೇಸ್ ಬುಕ್ಕುಗಳಲ್ಲಿ ಎರಡನೇ ದಿನದ ತಪಾಸಣೆಯ ಕೆಳಗೆ "ಮೂರು ರಕ್ತನಾಳ ಕಂಡಿತು" ಎಂದು ಬರೆದಿರುತ್ತದೆ! ಹುಟ್ಟಿದ ಕೂಡಲೇ ಕೂಸಿನ ಸ್ಥಿತಿಗೆ ಕೊಡುವ ಅಪ್ಗಾರ್ ಸ್ಕೋರಿನದೂ ಇದೇ ಕಥೆ. 1ನೇ ನಿಮಿಷ ಮತ್ತು 5ನೇ ನಿಮಿಷದಲ್ಲಿ ಬಡಿತ, ಉಸಿರು, ಸ್ನಾಯುಬಿಗಿ, ಪ್ರತಿಕ್ರಿಯೆ, ಬಣ್ಣ ಐದಕ್ಕೂ 0ಯಿಂದ 2 ಅಂಕ. ಆರೋಗ್ಯವಾದ ಕೂಸಿಗೂ ಮೊದಲ ನಿಮಿಷ ಕೈಕಾಲು ನೀಲಿಯೇ ಇರುವುದರಿಂದ ಬಣ್ಣಕ್ಕೆ 1, ಒಟ್ಟು 9. ಒಂದನೇ ನಿಮಿಷಕ್ಕೆ 10 ಬರೆದಿದ್ದರೆ ಬರೆದವರು ಕೂಸಿನ ಕಾಲು ನೋಡಿಲ್ಲ ಎಂದರ್ಥ. ಬಡಿತವನ್ನು 6 ಸೆಕೆಂಡ್ ಎಣಿಸಿ ಹತ್ತರಿಂದ ಗುಣಿಸಿ, ಆ ಗಡಿಬಿಡಿಯಲ್ಲಿ ಇಡೀ ನಿಮಿಷ ಸಿಗುವುದಿಲ್ಲ.

ಅಮ್ಮನಿಗೆ ಕೂಸನ್ನು ತೋರಿಸಿ, ಗಂಡೋ ಹೆಣ್ಣೋ ಅವರ ಬಾಯಿಂದಲೇ ಹೇಳಿಸಿ, ಟ್ಯಾಗನ್ನು ಅವರ ಕಣ್ಣೆದುರೇ ಕಟ್ಟಿ. ಇದನ್ನು ಬಿಟ್ಟು ಕೂಸನ್ನು ಬೇರೆ ಕೋಣೆಗೆ ಒಯ್ದರೆ ಆಮೇಲಿನ ಗಲಾಟೆಗೆ ಯಾರೂ ನಿಮ್ಮ ಪರ ಇರುವುದಿಲ್ಲ. ತೂಕ, ಇಂಜೆಕ್ಷನ್ನು ಎಲ್ಲ ಮೊದಲ ಒಂದು ಗಂಟೆಯ ಎದೆಹಾಲು ಆದ ಮೇಲೆ. ತೂಕದ ಯಂತ್ರದ ಮೇಲೆ ಬಟ್ಟೆ ಹಾಸಿದ ಮೇಲೆ ಸೊನ್ನೆ ಮಾಡಿ, ಮೊದಲಲ್ಲ. ಕಡಿಮೆ ತೂಕದ ಕೂಸು ಎನ್ನುವ 2500 ಗ್ರಾಮಿನ ಗಡಿಯ ಹತ್ತಿರದ ಮಗುವಿಗೆ ಬಟ್ಟೆಯ ತೂಕವೇ ಹಣೆಬರಹ ಬದಲಿಸುತ್ತದೆ. ವಿಟಮಿನ್ ಕೆ 1 ಮಿಲಿಗ್ರಾಂ, ತೊಡೆಯ ಮುಂಭಾಗದ ಹೊರಬದಿಗೆ. 1000 ಗ್ರಾಮಿಗಿಂತ ಕಡಿಮೆ ಇದ್ದರೆ ಅರ್ಧ. ಒಂದು ಮಿಲಿಗೆ 10 ಮಿಲಿಗ್ರಾಂ ಇರುವ ಆಂಪೂಲ್ ಕೂಡ ಇದೆ, ಆದ್ದರಿಂದ ಪ್ರತಿ ಸಲವೂ ಅಕ್ಷರ ಓದಿಯೇ ಎಳೆಯಿರಿ.

ನಿಜವಾದ ಪೂರ್ಣ ತಪಾಸಣೆ ಬಾಣಂತಿಯರ ವಾರ್ಡಿನಲ್ಲಿ, ಮಾರನೇ ದಿನ. ಇಲ್ಲಿ ಕಾಯುವುದೇ ಅರ್ಧ ಕೆಲಸ. ಬೆಳಿಗ್ಗೆ ನೆಲ ಒರೆಸುವವರು ಎಲ್ಲರನ್ನೂ ಹೊರಗೆ ಕಳಿಸುತ್ತಾರೆ, ಆಮೇಲೆ ರೌಂಡ್ಸ್, ಆಮೇಲೆ ಅಮ್ಮ ಸ್ನಾನಕ್ಕೆ ಹೋಗಿರುತ್ತಾರೆ, ಬಂದ ಮೇಲೆ ಊಟ. ನಮಗೆ ಸಿಕ್ಕ ಒಳ್ಳೆಯ ವೇಳೆ ಹನ್ನೊಂದೂವರೆಯಿಂದ ಒಂದರ ತನಕ, ಕೂಸು ಹಾಲು ಕುಡಿದು ಮುಕ್ಕಾಲು ಗಂಟೆ ಕಳೆದು ಮಲಗಿರುವಾಗ. ಆಗಷ್ಟೇ ಕುಡಿದ ಮಗುವಿನ ಬಾಯಿಗೆ ನಾಲಿಗೆ ಪಟ್ಟಿ ಹಾಕಿದರೆ ಹಾಲೆಲ್ಲ ನಿಮ್ಮ ಏಪ್ರನ್ ಮೇಲೆ ಬರುತ್ತದೆ. ಹಸಿದ ಮಗುವಂತೂ ಮುಟ್ಟಲೂ ಬಿಡುವುದಿಲ್ಲ.

ಕಾಯುವ ಹೊತ್ತಿನಲ್ಲಿ ತಾಯಿ ಕಾರ್ಡ್ ಓದಿ. ರಕ್ತದ ಗುಂಪು ನೆಗೆಟಿವ್ ಇದೆಯೇ, ಸಕ್ಕರೆ ಕಾಯಿಲೆ ಇತ್ತೇ, ಸಿಫಿಲಿಸ್ ಪರೀಕ್ಷೆಯಾದ ವಿಡಿಆರ್‌ಎಲ್, ಎಚ್‌ಐವಿ, ಹೆಪಟೈಟಿಸ್ ಬಿ ವರದಿ ಬಂದಿದೆಯೇ, ನೀರು ಒಡೆದು 18 ಗಂಟೆ ಮೀರಿತ್ತೇ, ಸ್ಕ್ಯಾನಿನಲ್ಲಿ ಕಿಡ್ನಿ ಊದಿದ್ದು ಏನಾದರೂ ಬರೆದಿದ್ದಾರೆಯೇ, ಮಗು ತಿರುಗಿ ಕುಂಡೆ ಕೆಳಗಿತ್ತೇ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರೇ ಎಂದು ಕೇಳುವುದೂ ಇದೆ. ನಮ್ಮ ಕಡೆ ಅದು ಮಾಮೂಲಿ ಸಂಬಂಧ, ಆದ್ದರಿಂದ ತಪ್ಪು ಹುಡುಕುವ ದನಿಯಲ್ಲಿ ಕೇಳಿದರೆ ಉತ್ತರವೇ ಬರುವುದಿಲ್ಲ. "ಸಂಬಂಧದಲ್ಲೇ ಆಗಿದ್ದಾ, ಹೊರಗಿನಿಂದ ತಂದಿದ್ದಾ" ಎಂದು ಊರಿನ ಮಾತಿನಲ್ಲಿ ಕೇಳಿದರೆ ಅಜ್ಜಿಯೇ ವಂಶಾವಳಿ ಹೇಳುತ್ತಾರೆ.

ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮುಟ್ಟದೆ ಒಂದು ನಿಮಿಷ ನಿಂತು ನೋಡಿ. ಕೈಕಾಲು ಮಡಚಿ ಮಲಗಿದೆಯೇ, ಎರಡೂ ಬದಿ ಸಮನಾಗಿ ಅಲುಗುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಪಕ್ಕೆ ಒಳಗೆ ಸೆಳೆಯುತ್ತಿದೆಯೇ, ನರಳುವ ಸದ್ದು ಇದೆಯೇ. ಉಸಿರನ್ನು ಹೊಟ್ಟೆಯ ಮೇಲೆ ಎಣಿಸಿ, ಪೂರ್ತಿ 60 ಸೆಕೆಂಡ್. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ದೊಡ್ಡವರಿಗೆ. ಕೂಸು ಬಡಬಡನೆ ಹತ್ತು ಉಸಿರು ತೆಗೆದು ಐದಾರು ಸೆಕೆಂಡ್ ಸುಮ್ಮನಾಗುತ್ತದೆ, ಮತ್ತೆ ಶುರು. ನೀವು ಎಣಿಸಿದ್ದು ಆ ಬಡಬಡದ ಹದಿನೈದಾದರೆ 80 ಬರುತ್ತದೆ, ಸುಮ್ಮನಿದ್ದ ಹದಿನೈದಾದರೆ 24. ಎರಡೂ ಸುಳ್ಳು. 60ಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ, ಆಗಲೂ ಹೆಚ್ಚಿದ್ದರೆ ಡಾಕ್ಟರಿಗೆ ಹೇಳಿ.

ಬಟ್ಟೆಯನ್ನು ಎದೆಯಷ್ಟೇ ಸರಿಸಿ, ಬೆಚ್ಚಗೆ ಮಾಡಿದ ಸ್ಟೆತಸ್ಕೋಪ್ ಇಡಿ. ಬಡಿತ ನಿಮಿಷಕ್ಕೆ 110ರಿಂದ 160. ಗಾಢ ನಿದ್ದೆಯಲ್ಲಿ ಇನ್ನೂ ಸ್ವಲ್ಪ ಇಳಿಯುವುದುಂಟು, ಎಬ್ಬಿಸಿದರೆ ಏರಬೇಕು. ಮೊದಲ ದಿನ ಮರ್ಮರ (ಬಡಿತದ ನಡುವಿನ ಸುಯ್ಯೆನ್ನುವ ಸದ್ದು) ಕೇಳಿದರೆ ಗಾಬರಿ ಬೇಡ, ಹೃದಯದ ಬಳಿ ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ನಾಳದ್ದಿರಬಹುದು, ಆದರೆ ಬರೆದು ಹೇಳಲೇಬೇಕು. ಇದರ ಇನ್ನೊಂದು ಮುಖವನ್ನು ಯಾರೂ ಒತ್ತಿ ಹೇಳುವುದಿಲ್ಲ. ಮರ್ಮರ ಕೇಳದಿದ್ದ ಮಾತ್ರಕ್ಕೆ ಹೃದಯ ಸರಿಯಿದೆ ಎಂದಲ್ಲ. ಜೀವಕ್ಕೆ ಕುತ್ತು ತರುವ ಕೆಲವು ದೋಷಗಳಲ್ಲಿ ಮೊದಲೆರಡು ದಿನ ಏನೂ ಕೇಳುವುದಿಲ್ಲ. ಅದಕ್ಕೇ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್.

24 ಗಂಟೆ ಕಳೆದ ಮೇಲೆ ಬಲಗೈ ಮತ್ತು ಯಾವುದಾದರೊಂದು ಕಾಲು. ಬಲಗೈಯೇ ಏಕೆಂದರೆ ಅಲ್ಲಿಗೆ ಹೋಗುವ ರಕ್ತ ಆ ಮುಚ್ಚಿಕೊಳ್ಳುವ ನಾಳ ಕೂಡುವ ಜಾಗಕ್ಕಿಂತ ಮೊದಲೇ ಕವಲೊಡೆಯುತ್ತದೆ, ಕಾಲಿಗೆ ಹೋಗುವುದು ಆಮೇಲಿನದು. ಎಡಗೈಗೆ ಹಾಕಿ ಅಳೆದರೆ ಹೋಲಿಕೆಗೆ ಅರ್ಥವಿಲ್ಲ. ಎರಡೂ ಕಡೆ ಶೇಕಡಾ 95ಕ್ಕೆ ಕಡಿಮೆಯಿಲ್ಲದೆ, ವ್ಯತ್ಯಾಸ 3ಕ್ಕೆ ಮೀರದಿದ್ದರೆ ಪಾಸು. ಯಾವುದೇ ಕಡೆ 90ಕ್ಕಿಂತ ಕಡಿಮೆಯಾದರೆ ಕೂಡಲೇ ಡಾಕ್ಟರ್. ನಡುವಿನದ್ದಾದರೆ ಒಂದು ಗಂಟೆ ಬಿಟ್ಟು ಮತ್ತೆ. ನಮಗೆ ಸುಳ್ಳು ಕಡಿಮೆ ಬಂದದ್ದೆಲ್ಲ ಮೂರು ಕಾರಣಕ್ಕೆ: ಕಾಲು ತಣ್ಣಗಿತ್ತು, ಕಿಟಕಿಯ ಬಿಸಿಲು ಪ್ರೋಬಿನ ಮೇಲೆ ಬೀಳುತ್ತಿತ್ತು, ಇಲ್ಲವೇ ದೊಡ್ಡವರ ಬೆರಳಿನ ಕ್ಲಿಪ್ಪನ್ನು ಕೂಸಿನ ಪಾದಕ್ಕೆ ಕಚ್ಚಿಸಿದ್ದೆವು. ಸುತ್ತುವ ಶಿಶು ಪ್ರೋಬ್ ವಾರ್ಡಿನಲ್ಲಿ ಒಂದೇ, ಅದೂ ಎಸ್‌ಎನ್‌ಸಿಯುನಿಂದ (ಕಾಯಿಲೆಯ ಕೂಸುಗಳ ವಿಶೇಷ ಘಟಕ) ಸಹಿ ಹಾಕಿ ತರಬೇಕು. ಐದು ಕೂಸುಗಳ ತಪಾಸಣೆ ಒಟ್ಟಿಗೆ ಇಟ್ಟುಕೊಂಡು ಒಂದೇ ಸಲ ತಂದರೆ ಓಡಾಟ ಉಳಿಯುತ್ತದೆ.

ಮಗು ಇನ್ನೂ ಮಲಗಿರುವಾಗಲೇ ತೊಡೆಸಂದಿನ ನಾಡಿ. ಬೆರಳ ತುದಿಯನ್ನು ಸುಮ್ಮನೆ ಇಟ್ಟು ಕಾಯಬೇಕು. ಹುಡುಕಲು ಹೋಗಿ ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ, ಸಿಗುವುದು ನಮ್ಮ ಬೆರಳಿನದೇ ಬಡಿತ. ಅನುಮಾನವಿದ್ದರೆ ಎಣಿಸಿ ನೋಡಿ. ಎಂಬತ್ತು ಬಂದರೆ ಅದು ನಿಮ್ಮದು!

ಇಷ್ಟಾದ ಮೇಲೆ ಮಗು ಅತ್ತರೂ ಚಿಂತೆಯಿಲ್ಲ. ತಲೆ ಸವರಿ. ಎರಡು ಉಬ್ಬುಗಳ ವ್ಯತ್ಯಾಸ ಕೈಗೆ ಬರಬೇಕು. ನೆತ್ತಿಯ ಚರ್ಮದ ಊತವಾದ ಕ್ಯಾಪುಟ್ ಹುಟ್ಟಿದಾಗಲೇ ಇರುತ್ತದೆ, ಒತ್ತಿದರೆ ತಗ್ಗು ಬೀಳುತ್ತದೆ, ಮೂಳೆಯ ಕೂಡುಗೆರೆ ದಾಟಿ ಹರಡಿರುತ್ತದೆ, ಒಂದೆರಡು ದಿನಕ್ಕೆ ಇಳಿಯುತ್ತದೆ. ಮೂಳೆಯ ಮೇಲೆ ರಕ್ತ ಕಟ್ಟಿದ ಸೆಫಲ್‌ಹೆಮಟೋಮಾ ಕೆಲವು ಗಂಟೆ ಕಳೆದು ಕಾಣಿಸಿಕೊಂಡು, ಒಂದೇ ಮೂಳೆಯ ಮೇಲೆ ನಿಂತು, ಗೆರೆ ದಾಟುವುದಿಲ್ಲ. ಇಳಿಯಲು ವಾರಗಳೇ ಬೇಕು, ಆ ರಕ್ತ ಕರಗುವಾಗ ಕಾಮಾಲೆ ಹೆಚ್ಚಬಹುದು. ಎಣ್ಣೆ ಹಚ್ಚಿ ತಿಕ್ಕಿ ಕೂರಿಸುತ್ತೇನೆ ಎನ್ನುವ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಿ. ಮೂರನೆಯದೊಂದು ಇದೆ, ವ್ಯಾಕ್ಯೂಮ್ ಹಾಕಿದ ಮಗುವಿನಲ್ಲಿ ನೆತ್ತಿಯ ಚರ್ಮದಡಿಯೆಲ್ಲ ನೀರುಚೀಲದ ಹಾಗೆ ಅಲುಗಿ, ಕತ್ತಿನ ತನಕ ಇಳಿದು ಕಿವಿಯನ್ನು ಮುಂದಕ್ಕೆ ತಳ್ಳಿರುತ್ತದೆ, ಮಗು ಬಿಳಿಚಿಕೊಂಡು ಬಡಿತ ಏರುತ್ತಿರುತ್ತದೆ. ಅದು ಒಳಗಿನ ರಕ್ತಸ್ರಾವ. ರೌಂಡ್ಸಿನ ತನಕ ಕಾಯಬೇಡಿ, ಬರೆಯುತ್ತಾ ಕೂರಬೇಡಿ, ಕೂಗಿ.

ತಲೆಯ ಸುತ್ತಳತೆ ಹುಬ್ಬಿನ ಮೇಲಿಂದ ಹಿಂದಲೆಯ ಎತ್ತರದ ಜಾಗಕ್ಕೆ, ಮೂರು ಸಲ ಅಳೆದು ದೊಡ್ಡದನ್ನು ಬರೆಯಿರಿ. ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್. ಮೊದಲ ದಿನ ಮೂಳೆಗಳು ಒಂದರ ಮೇಲೊಂದು ಕೂತಿರುವುದರಿಂದ ಕಡಿಮೆ ಬರುತ್ತದೆ, ಬಿಡುಗಡೆಯ ದಿನ ಮತ್ತೆ ಅಳೆಯಿರಿ.

ಕಣ್ಣನ್ನು ಬೆರಳಿಂದ ಬಿಡಿಸಲು ಹೋದರೆ ರೆಪ್ಪೆ ಇನ್ನೂ ಬಿಗಿಯಾಗುತ್ತದೆ. ಪರದೆ ಎಳೆದು ಬೆಳಕು ತಗ್ಗಿಸಿ, ಕೂಸನ್ನು ನೆಟ್ಟಗೆ ಎತ್ತಿ ಮೆಲ್ಲಗೆ ಹಿಂದೆ ಮುಂದೆ ಬಾಗಿಸಿ, ತಾನೇ ಕಣ್ಣು ಬಿಡುತ್ತದೆ. ಆಪ್ತಾಲ್ಮೋಸ್ಕೋಪಿನಲ್ಲಿ ಎರಡೂ ಪಾಪೆಯ ಹಿಂದಿನ ಹೊಳಪು ಸಮನಾಗಿರಬೇಕು. ಪುಸ್ತಕದಲ್ಲಿ ಕೆಂಪು ಎಂದಿದೆ, ನಮ್ಮ ಮಕ್ಕಳಲ್ಲಿ ಅದು ಕಿತ್ತಳೆ ಬಣ್ಣಕ್ಕೆ, ಮಾಸಲು ಹಳದಿಗೆ ತಿರುಗಿರುತ್ತದೆ. ಒಂದರಲ್ಲಿ ಬಿಳಿ ಹೊಳೆದರೆ, ಒಂದರಲ್ಲಿ ಕಾಣದೇ ಹೋದರೆ ಅದೇ ದಿನ ಹೇಳಬೇಕು. ಪೊರೆಯೂ ಇರಬಹುದು, ಗಡ್ಡೆಯೂ ಇರಬಹುದು. ಉಪಕರಣ ಬೀರುವಿನಲ್ಲಿ, ಬೀಗದ ಕೈ ಇನ್ಯಾರದೋ ಸೊಂಟದಲ್ಲಿ ಎನ್ನುವ ದಿನಗಳೇ ಹೆಚ್ಚು. ಅಂಥ ದಿನ ಏನು ಬರೆಯಬೇಕು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಬಾಯಿ. ಹೆಚ್ಚಿನವರು ಕಿರುಬೆರಳು ಹಾಕಿ ಅಂಗುಳ ಸವರಿ, ಚೀಪುವ ಶಕ್ತಿಯೂ ಸಿಕ್ಕಿತು ಎಂದು ಮುಗಿಸುತ್ತಾರೆ. ಬೆರಳಿಗೆ ಸಿಗುವುದು ಮುಂದಿನ ಗಟ್ಟಿ ಅಂಗುಳ ಮಾತ್ರ. ಹಿಂದಿನ ಮೆದು ಅಂಗುಳದ ಸೀಳು ಬೆರಳಿಗೆ ಸಿಗದೆ ಹೋಗುತ್ತದೆ. ಕೂಸಿನ ತಲೆ ನಿಮ್ಮ ಕಡೆ ಬರುವಂತೆ ಮಲಗಿಸಿ, ನಾಲಿಗೆ ಪಟ್ಟಿಯನ್ನು ಬಾಯಿಯ ಮೂಲೆಯಿಂದ ಒಳಬಿಟ್ಟು ನಾಲಿಗೆಯ ನಡುವಿಗೆ ಒತ್ತಿ. ಮಗು ಓಕರಿಸಿ ಬಾಯಿ ಅಗಲಿಸುವ ಅರ್ಧ ಸೆಕೆಂಡಿನಲ್ಲಿ ಕಿರುನಾಲಿಗೆ ಕಾಣಬೇಕು. ಟಾರ್ಚ್ ಆ ಹೊತ್ತಿಗಾಗಲೇ ಹೊತ್ತಿರಬೇಕು, ಆಮೇಲೆ ಬಟನ್ ಹುಡುಕಿದರೆ ಸಿಗುವುದಿಲ್ಲ. ಕಿರುನಾಲಿಗೆ ಎರಡಾಗಿ ಸೀಳಿದ್ದರೆ ಒಳಗಿನ ಸ್ನಾಯುವೂ ಸೀಳಿರಬಹುದು. "ಹಾಲು ಮೂಗಿಂದ ಬರ್ತದೆ ಸಿಸ್ಟರ್" ಎಂದು ಅಮ್ಮ ಹೇಳಿದರೆ, ನಿನ್ನೆ ಯಾರು ನೋಡಿ ಏನು ಬರೆದಿದ್ದರೂ ಸರಿ, ಮತ್ತೆ ನೋಡಿ. ಅಂಗುಳದ ನಡುಗೆರೆಯಲ್ಲಿ ಸಾಬೂದಾನಿಯಂಥ ಬಿಳಿ ಕಾಳು ಇದ್ದರೆ ಅವು ತಾವಾಗಿ ಹೋಗುತ್ತವೆ, ಉಗುರಿಂದ ಕೆರೆಯಲು ಬಿಡಬೇಡಿ.

ಕತ್ತು, ಭುಜದೆಲುಬು (ಕಾಲರ್ ಬೋನ್), ಬೆರಳೆಣಿಕೆ ಬೇಗ ಆಗುತ್ತದೆ. ಭುಜ ಸಿಕ್ಕಿಕೊಂಡ ಹೆರಿಗೆಯಾಗಿದ್ದರೆ ಭುಜದೆಲುಬಿನ ಮೇಲೆ ಬೆರಳೋಡಿಸಿ, ಒಣ ಎಲೆ ಮುರಿದಂತೆ ಕಟಕಟ ಎಂದರೆ ಮುರಿದಿದೆ. ಬೆಚ್ಚಿಬೀಳಿಸಿದಾಗ ಒಂದೇ ಕೈ ಎದ್ದರೆ ಇನ್ನೊಂದು ಕೈಯ ನರವನ್ನೂ ನೆನೆಯಿರಿ.

ಹೊಟ್ಟೆ ಮೆತ್ತಗಿರಬೇಕು, ಬಲಗಡೆ ಪಕ್ಕೆಯ ಕೆಳಗೆ ಒಂದೆರಡು ಸೆಂಟಿಮೀಟರ್ ಲಿವರ್ ಸಿಗುವುದು ಸಹಜ. ಬಟ್ಟೆ ಪೂರ್ತಿ ಬಿಚ್ಚುವುದು ಈಗ. ಗುದದ್ವಾರವನ್ನು ಕಣ್ಣಿಂದ ನೋಡಿ, ಥರ್ಮಾಮೀಟರ್ ಹಾಕಿ ಅಲ್ಲ. "ಕಪ್ಪು ಮಲ ಹೋಗಿದೆ" ಎನ್ನುವ ಮಾತನ್ನು ನಂಬಿ ದ್ವಾರ ನೋಡದೆ ಬಿಟ್ಟವರು ಮೋಸಹೋಗಿದ್ದಾರೆ. ದ್ವಾರವೇ ಇಲ್ಲದ ಹೆಣ್ಣುಮಗುವಿಗೆ ಯೋನಿಯ ಬಾಯಿಯ ಹತ್ತಿರದ ಸಣ್ಣ ರಂಧ್ರದಿಂದ ಮಲ ಬರಬಹುದು, ಗಂಡುಮಗುವಿಗೆ ಮೂತ್ರದಲ್ಲೇ ಬೆರೆತು ಬರಬಹುದು. ಎರಡೂ ಕುಂಡೆ ಬಿಡಿಸಿ, ಟಾರ್ಚ್ ಹಿಡಿದು, ಜಾಗ ಸರಿಯಿದೆಯೇ, ನೆರಿಗೆಯಿದೆಯೇ ನೋಡಿ. ಮಲ 24 ಗಂಟೆಯೊಳಗೆ ಹೋಗದಿದ್ದರೆ ಹೇಳಬೇಕು.

ಗಂಡುಮಗುವಿಗೆ ಎರಡೂ ಬೀಜ ಕೆಳಗಿಳಿದಿವೆಯೇ, ಮೂತ್ರದ್ವಾರ ತುದಿಯಲ್ಲಿದೆಯೇ. ಮುಂದೊಗಲು ಮೇಲ್ಗಡೆ ಮಾತ್ರ ಮುಸುಕಿನಂತಿದ್ದರೆ ದ್ವಾರ ಕೆಳಗಡೆ ಇರುವ ಸಾಧ್ಯತೆ. ಸುನ್ನತ್ ಮಾಡಿಸುವ ಮನೆಯವರಾದರೆ ಸರ್ಜನ್ ನೋಡುವ ತನಕ ಮಾಡಿಸಬೇಡಿ ಎಂದು ಆವತ್ತೇ ಹೇಳಬೇಕು, ಸರಿಪಡಿಸುವ ಆಪರೇಷನ್ನಿಗೆ ಆ ಚರ್ಮವೇ ಬೇಕಾಗುತ್ತದೆ. ಹೆಣ್ಣುಮಗುವಿಗೆ ಬಿಳಿ ಹೋಗುವುದು, ಒಂದೆರಡು ಹನಿ ರಕ್ತ ಕಾಣುವುದು ಅಮ್ಮನ ಹಾರ್ಮೋನಿನಿಂದ, ತಾನಾಗಿ ನಿಲ್ಲುತ್ತದೆ. ಗಂಡಿಗೂ ಹೆಣ್ಣಿಗೂ ಎದೆ ಗಂಟಾಗಿ ಹಾಲಿನಂಥ ಹನಿ ಬರಬಹುದು. ಅದನ್ನು ಹಿಂಡಿ ತೆಗೆಯಬೇಕು ಎನ್ನುವುದು ಎಷ್ಟೋ ಮನೆಗಳ ನಂಬಿಕೆ. ಹಿಂಡಿದರೆ ಕೀವಾಗಬಹುದು. "ಹಿಂಡಬೇಡಿ" ಅಂದಷ್ಟಕ್ಕೆ ಕೆಲಸವಾಗುವುದಿಲ್ಲ, ಮನೆಯಲ್ಲಿ ಸ್ನಾನ ಮಾಡಿಸುವವರು ಯಾರು ಎಂದು ಕೇಳಿ ಅವರನ್ನೇ ಕರೆದು ಹೇಳಬೇಕು.

ಸೊಂಟದ ಕೀಲನ್ನು ಕೊನೆಗೆ ಇಟ್ಟುಕೊಳ್ಳುವುದು ಏಕೆಂದರೆ ಅದು ಅಳಿಸುತ್ತದೆ. ಆದರೆ ಅಳುವ ಮಗುವಿನ ಸ್ನಾಯು ಬಿಗಿದಿರುವುದರಿಂದ ಆ ಪರೀಕ್ಷೆಗೆ ಬೆಲೆಯೂ ಇಲ್ಲ. ಅಮ್ಮನ ಬೆರಳು ಚೀಪಲು ಕೊಟ್ಟು ಸಮಾಧಾನ ಮಾಡಿ, ಗಟ್ಟಿ ಹಾಸಿಗೆಯ ಮೇಲೆ ಮಲಗಿಸಿ. ಒಂದು ಸಲಕ್ಕೆ ಒಂದೇ ಕೀಲು. ಒಂದು ಕೈಯಿಂದ ಸೊಂಟ ಅಲುಗದಂತೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೊಡೆಯ ಒಳಗೆ, ನಡುಬೆರಳು ಹೊರಗೆ ಮೂಳೆಯ ಉಬ್ಬಿನ ಮೇಲೆ. ಮಂಡಿ, ಸೊಂಟ ಎರಡೂ 90 ಡಿಗ್ರಿ ಮಡಚಿರಬೇಕು. ಪರೀಕ್ಷೆ ಎರಡು, ಬಾರ್ಲೋ ಮತ್ತು ಆರ್ಟೊಲಾನಿ. ಬಾರ್ಲೋದಲ್ಲಿ ತೊಡೆಯನ್ನು ನಡುವಿಗೆ ತಂದು ಹಿಂದಕ್ಕೆ ಮೆಲ್ಲಗೆ ಒತ್ತುತ್ತೀರಿ, ಜಾರುವ ಕೀಲು ಗೂಡಿನಿಂದ ಹೊರಗೆ ಹೋಗುತ್ತದೆ. ಆರ್ಟೊಲಾನಿಯಲ್ಲಿ ಹೊರಕ್ಕೆ ಬಿಡಿಸುತ್ತಾ ನಡುಬೆರಳಿಂದ ಮೇಲೆತ್ತುತ್ತೀರಿ, ಹೊರಗಿದ್ದದ್ದು ಒಳಗೆ ಕೂರುತ್ತದೆ. ಕಿವಿಗೆ ಕೇಳುವ ಚಿಟಿಕೆಯಂಥ ಸದ್ದು ಹೆಚ್ಚಾಗಿ ಸ್ನಾಯುವಿನದು. ಕೈಗೆ ಗೊತ್ತಾಗುವ, ಡ್ರಾಯರ್ ತನ್ನ ಹಳಿಯಿಂದ ಜಾರಿ ಮತ್ತೆ ಕೂತಂತಹ ದಡಕ್ಕು ಲೆಕ್ಕಕ್ಕೆ. ಇದನ್ನು ಬೊಂಬೆಯ ಮೇಲೆ ಹತ್ತು ಸಲ ಮಾಡದೆ ಕೂಸಿನ ಮೇಲೆ ಮಾಡಬೇಡಿ. ಒಬ್ಬರಿಗೆ ದಡಕ್ಕು ಸಿಕ್ಕಿತೆಂದು ಬ್ಯಾಚಿನ ಎಂಟು ಜನ ಸಾಲಾಗಿ ಅದೇ ಕೀಲನ್ನು ಜಾರಿಸುವುದು ಕಲಿಕೆಯಲ್ಲ, ಹಿಂಸೆ. ಕುಂಡೆ ಕೆಳಗಿದ್ದ ಮಗು, ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಸೊಂಟ ಜಾರಿದ್ದ ಮಗು ಆದರೆ ಕೈಗೆ ಏನೂ ಸಿಗದಿದ್ದರೂ 6 ವಾರದ ಹೊತ್ತಿಗೆ ಸ್ಕ್ಯಾನ್ ಆಗಬೇಕು.

ಮಗುಚಿ ಬೆನ್ನು ನೋಡಿ. ಬೆನ್ನುಹುರಿಯ ಗೆರೆಯ ಮೇಲೆ ಕೂದಲ ಗೊಂಚಲು, ತಳ ಕಾಣದ ಗುಣಿ, ಗಂಟು ಇದ್ದರೆ ಹೇಳಬೇಕು. ಕುಂಡೆಯ ಮೇಲಿನ ಬೂದುನೀಲಿ ಮಚ್ಚೆ ನಮ್ಮಲ್ಲಿ ಬಹಳ ಮಕ್ಕಳಿಗೆ ಇರುತ್ತದೆ, ತೊಂದರೆಯಿಲ್ಲ, ಆದರೆ ಎಲ್ಲಿ, ಎಷ್ಟು ಅಗಲ ಎಂದು ಬರೆದಿಡಿ, ಆರು ತಿಂಗಳ ಮೇಲೆ ಇನ್ಯಾರೋ ಅದನ್ನು ಪೆಟ್ಟಿನ ಗುರುತು ಎಂದುಕೊಳ್ಳಬಾರದು. ಕಾಮಾಲೆಯನ್ನು ಕಿಟಕಿಯ ಬೆಳಕಿನಲ್ಲಿ, ಬೆರಳಿಂದ ಚರ್ಮ ಒತ್ತಿ ಬಿಟ್ಟು ನೋಡಿ. 24 ಗಂಟೆಯೊಳಗೆ ಕಂಡರೆ ಎಷ್ಟೇ ಸಣ್ಣದಾದರೂ ರಕ್ತ ಪರೀಕ್ಷೆ, ಅಂಗೈ ಅಂಗಾಲು ಹಳದಿಯಾಗಿದ್ದರೆ ಯಾವ ದಿನವಾದರೂ ತುರ್ತು. ಕೊನೆಗೆ ಅಂಗೈಯ ಹಿಂಬದಿಯಿಂದ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಾಗಿದ್ದರೆ ನಿಮ್ಮ ತಪಾಸಣೆಯೇ ಕೂಸನ್ನು ತಣ್ಣಗೆ ಮಾಡಿದೆ, ಅಮ್ಮನ ಎದೆಗೆ ಹಾಕಿ ಹೊದಿಸಿ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು.

ಅಭ್ಯಾಸವಾದ ಮೇಲೆ ಇಷ್ಟೆಲ್ಲ ಇಪ್ಪತ್ತು ನಿಮಿಷ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯುತ್ತದೆ, ಕೈ ನಡುಗುತ್ತದೆ, ಅಜ್ಜಿ ಪಕ್ಕದಲ್ಲೇ ನಿಂತು "ಇವಳು ಕಲಿಯೋ ಹುಡುಗಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಹೌದು ಅಜ್ಜಿ, ಕಲಿಯುತ್ತಿದ್ದೇನೆ, ಸಿಸ್ಟರ್ ಮತ್ತೆ ನೋಡುತ್ತಾರೆ ಎಂದುಬಿಟ್ಟರೆ ಅರ್ಧ ಭಾರ ಇಳಿಯುತ್ತದೆ. ಇಂಗ್ಲೆಂಡಿಗೆ ಹೋಗುವ ಆಸೆಯಿರುವವರಿಗೆ ಒಂದು ಮಾತು: ಅಲ್ಲಿ ಹೆಚ್ಚಿನ ತರಬೇತಿ ಪಡೆದ ಮಿಡ್‌ವೈಫ್‌ಗಳೇ ಈ ಪೂರ್ಣ ತಪಾಸಣೆ ಮಾಡುತ್ತಾರೆ, 72 ಗಂಟೆಯೊಳಗೆ ಒಮ್ಮೆ ಆಗಬೇಕು, 6ರಿಂದ 8 ವಾರಕ್ಕೆ ಇನ್ನೊಮ್ಮೆ. ವಿಶೇಷವಾಗಿ ನೋಡುವುದು ಕಣ್ಣು, ಹೃದಯ, ಸೊಂಟ, ಗಂಡುಮಕ್ಕಳಲ್ಲಿ ಬೀಜ. ನಮ್ಮಲ್ಲಿ ಕೈತಪ್ಪುವುದೂ ಇವೇ ನಾಲ್ಕು.

ಈಗ ಬರವಣಿಗೆ. ನಮ್ಮ ಕೇಸ್ ಬುಕ್ಕಿನಲ್ಲಿ 20 ಹೆರಿಗೆ, 20 ಬಾಣಂತಿ ಆರೈಕೆ, 5 ಶಿಶು ಪುನಶ್ಚೇತನ ತುಂಬಬೇಕಿತ್ತು. ಸಂಖ್ಯೆ ಪಠ್ಯಕ್ರಮದೊಂದಿಗೆ ಬದಲಾಗುತ್ತದೆ, ಹೋಗುವ ಮೊದಲೇ ನಿಮ್ಮದನ್ನು ಓದಿಕೊಳ್ಳಿ. ಕೊನೆಯ ವಾರದಲ್ಲಿ ಒಟ್ಟಿಗೆ ತುಂಬಲು ಕೂತವರ ಪುಸ್ತಕದಲ್ಲಿ ಎಲ್ಲ ಕೂಸುಗಳ ತಲೆಯೂ 34, ಉದ್ದ 50, ಉಸಿರು 44. ಪರೀಕ್ಷಕರು ಪುಟ ತಿರುವಿ ನಗುತ್ತಾರೆ. ಕೇಸ್ ಬುಕ್ ಹೋಗಲಿ, ಕೇಸ್ ಶೀಟಿನಲ್ಲೂ ಅದೇ ಕೈ ಓಡುತ್ತದಲ್ಲ, ಭಯ ಅಲ್ಲಿ. ಮಗು ಅತ್ತದ್ದರಿಂದ ನಾಡಿ ಸಿಗಲಿಲ್ಲ, ಬೀಗದ ಕೈ ಸಿಗಲಿಲ್ಲವೆಂದು ಕಣ್ಣು ನೋಡಲಿಲ್ಲ, ಆದರೂ ಕೆಳಗೆ "ಎನ್‌ಎಡಿ" ಎಂದು ಮೂರಕ್ಷರ, ಅಂದರೆ ಅಸಹಜವಾದದ್ದೇನೂ ಕಾಣಲಿಲ್ಲ. ಮುಂದೆ ನೋಡುವವರು ಆ ಮೂರಕ್ಷರ ನಂಬಿ ಕಣ್ಣು ಬಿಟ್ಟು ಮುಂದೆ ಹೋಗುತ್ತಾರೆ. ನೋಡದ್ದನ್ನು "ನೋಡಿಲ್ಲ, ಉಪಕರಣ ಇಲ್ಲ", "ಸಿಗಲಿಲ್ಲ, ಮಗು ಅಳುತ್ತಿತ್ತು, ಸಂಜೆ ಮತ್ತೆ" ಎಂದು ಸಮಯ ಹಾಕಿ ಬರೆದರೆ ಸಹಿ ಹಾಕುವವರು ಮೊದಲು ಹುಬ್ಬೇರಿಸುತ್ತಾರೆ. ಎರಡು ಸಲ "ಇದೇಕೆ ಖಾಲಿ" ಎಂದು ಬೈಸಿಕೊಂಡದ್ದೂ ಆಯಿತು. ಮೂರನೇ ಸಲ ಬೀಗದ ಕೈ ಬಂತು.

ಸಹಿಗೆ ಕಾಯುವುದು ಇನ್ನೊಂದು ಪರ್ವ. ಡ್ಯೂಟಿ ಡಾಕ್ಟರ್ ಥಿಯೇಟರಿನಲ್ಲಿ, ಮೇಡಂ ಕಾಲೇಜಿನಲ್ಲಿ, ಸಿಸ್ಟರ್ ಹ್ಯಾಂಡೋವರಿನಲ್ಲಿ. ಆ ದಿನದ ಸಹಿ ಆ ಶಿಫ್ಟಿನಲ್ಲೇ ತೆಗೆದುಕೊಳ್ಳಿ, ವಾರ ಬಿಟ್ಟರೆ ಆ ಸಿಸ್ಟರ್ ನೈಟ್ ಡ್ಯೂಟಿಗೆ ಹೋಗಿರುತ್ತಾರೆ.

ಏನಾದರೂ ಸಿಕ್ಕರೆ ಅಮ್ಮನಿಗೆ ಹೇಳುವವರು ಡಾಕ್ಟರ್, ನಾವಲ್ಲ. ಆದರೆ ಅಮ್ಮ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಸುಮ್ಮನಾಗಿ, ಕೂಸನ್ನು ಮುಚ್ಚಿ, ಹೊರಗೆ ಓಡಿದರೆ ಅವರಿಗೆ ಅಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ, ಗೊತ್ತಾಗಬೇಕಾದದ್ದಕ್ಕಿಂತ ದೊಡ್ಡದಾಗಿಯೇ. "ಇದೊಂದನ್ನು ಡಾಕ್ಟರ್ ಕೈಲಿ ನೋಡಿಸಬೇಕು ಅಮ್ಮ, ಕರಕೊಂಡು ಬರ್ತೀನಿ, ಮಗು ನಿಮ್ಮ ಹತ್ತಿರವೇ ಇರಲಿ" ಎಂದು ಕೂಸನ್ನು ಅವರ ಕೈಗೇ ಕೊಟ್ಟು ಹೋಗಿ. ಹುಟ್ಟುದೋಷ ಕಂಡರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಮೂನೆ ತುಂಬಿಸಬೇಕು. 2013ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದ ತೊಂದರೆಗೆ ಮುಂದಿನ ಚಿಕಿತ್ಸೆ ಉಚಿತ. ನಮೂನೆ ತುಂಬದೆ ಮನೆಗೆ ಕಳಿಸಿದರೆ ಆ ಕುಟುಂಬ ಖಾಸಗಿ ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಸಾಲ ಮಾಡುತ್ತದೆ.

ಸಹಜ ಹೆರಿಗೆಯಾದರೆ 48 ಗಂಟೆಯ ಮೇಲೆ ಬಿಡುಗಡೆ. ಹೆಪಟೈಟಿಸ್ ಬಿ ಲಸಿಕೆ 24 ಗಂಟೆಯೊಳಗೇ ಆಗಿರಬೇಕು, ಪೋಲಿಯೊ ಎರಡು ಹನಿ, ಎಡ ಮೇಲ್ದೋಳಿಗೆ ಕ್ಷಯದ ಲಸಿಕೆ ಬಿಸಿಜಿ 0.05 ಮಿಲಿ. ಬಿಸಿಜಿ ವಯಲ್ ಬೆರೆಸಿದ ಮೇಲೆ 4 ಗಂಟೆಯೊಳಗೆ ಮುಗಿಯಬೇಕಾದ್ದರಿಂದ ಒಂದೇ ಮಗುವಿಗೆ ಒಡೆಯಲು ಹಿಂದೆಮುಂದೆ ನೋಡುತ್ತಾರೆ. ಆಟೋ ಕಾಯುತ್ತಿದೆ ಎಂದು ಅಪ್ಪ ಸಿಡುಕುತ್ತಾರೆ, ಬೆಳಿಗ್ಗೆಯೇ ಎಷ್ಟು ಕೂಸು ಹೋಗುತ್ತವೆ ಎಂದು ಪಟ್ಟಿ ಮಾಡಿ ಕೊಟ್ಟರೆ ಈ ಕಾಯುವಿಕೆ ತಪ್ಪುತ್ತದೆ. ಬಿಡುಗಡೆಗೆ ಮುಂಚೆ ತೂಕ, ಕಾಮಾಲೆ, ಹಾಲು ಹಿಡಿಯುವುದು ಮತ್ತೆ ನೋಡಿ. ಹುಟ್ಟಿದಾಗಿನ ತೂಕದಲ್ಲಿ ನೂರಕ್ಕೆ ಹತ್ತರ ತನಕ ಇಳಿಯುವುದು ಸಹಜ, ಹತ್ತು ದಿನದಲ್ಲಿ ಮತ್ತೆ ಬರುತ್ತದೆ.

ಆಶಾ ಕಾರ್ಯಕರ್ತೆ ಮನೆಗೆ ಬರುವುದು 3, 7, 14, 21, 28 ಮತ್ತು 42ನೇ ದಿನ. ಈ ದಿನಾಂಕಗಳನ್ನು ತಾಯಿ ಕಾರ್ಡಿನಲ್ಲೇ ಬರೆದು, ಅದರ ಕೆಳಗೆ ತಪಾಸಣೆಯಲ್ಲಿ ಏನು ಬಾಕಿ ಉಳಿದಿದೆ ಎಂದೂ ಬರೆಯಿರಿ: "ಬಲ ಬೀಜ ಇಳಿದಿಲ್ಲ", "ಕಣ್ಣಿನ ಹೊಳಪು ನೋಡಿಲ್ಲ", "ಸೊಂಟದ ಸ್ಕ್ಯಾನ್ 6 ವಾರಕ್ಕೆ". ಕಾರ್ಡು ಆಸ್ಪತ್ರೆಯ ಫೈಲಿನಲ್ಲೇ ಉಳಿದುಹೋಗುವುದು ಸಾಮಾನ್ಯ, ಮನೆಗೆ ಬಿಡುವ ನಗು-ಮಗು ಗಾಡಿಯ ಬಾಗಿಲು ಹಾಕುವ ಮೊದಲು ಅದು ಅಮ್ಮನ ಚೀಲದಲ್ಲಿದೆಯೇ ಕೇಳಿ.